ಬದುಕುಳಿದವನ ಹೊಣೆಗಾರಿಕೆ

ನಿಮಗೆ ಎಂದಾದರೂ ವಿದ್ಯುತ್ ಶಾಕ್ ಹೊಡೆದಿದೆಯೇ? ಹೊಡೆದಿದ್ದರೆ ಆಮೇಲೆ ನೀವು ಏನು ಮಾಡಿದಿರಿ? ಕೈ ಕೊಡವಿಕೊಂಡು, ಯಾರಾದರೂ ನೋಡಿದರೇನೋ ಎಂದು ಸುತ್ತ ಕಣ್ಣಾಡಿಸಿ, ನಕ್ಕು ಸುಮ್ಮನಾದಿರಲ್ಲವೇ? ನಮ್ಮಲ್ಲಿ ಹೆಚ್ಚಿನವರು ಮಾಡುವುದು ಅದನ್ನೇ. ಜೀವ ಉಳಿಯಿತು, ಅಲ್ಲಾಹನಿಗೆ ಸ್ತುತಿ ಎಂದು ಹೇಳಿ ಮುಂದಿನ ಕೆಲಸಕ್ಕೆ ಹೊರಡುತ್ತೇವೆ. ಆದರೆ ಆ ಸ್ತುತಿ ಬಾಯಿಯಿಂದ ಹೊರಬಿದ್ದ ಮಾತ್ರಕ್ಕೆ ನಮ್ಮ ಹೊಣೆ ಮುಗಿಯಿತೇ? ಅಪಾಯದಿಂದ ಪಾರಾದ ಮನುಷ್ಯನ ಮೇಲೆ, ಆ ಅಪಾಯ ಇನ್ನೂ ಅಲ್ಲಿಯೇ ಕಾದಿರುವಾಗ, ಇತರರ ಋಣವೇನೂ ಇಲ್ಲವೇ? ಈ ಪ್ರಶ್ನೆಯನ್ನು ನಾನು ಪುಸ್ತಕದಿಂದ ಎತ್ತಿಕೊಂಡಿಲ್ಲ. ಬಾಲ್ಯದಲ್ಲಿ ನಮ್ಮ ಮನೆಯ ಹಿತ್ತಿಲಲ್ಲಿ ಅದು ನನಗೆ ಎದುರಾಯಿತು.

ಬಟ್ಟೆ ಒಣಹಾಕುವ ತಂತಿ

ನಮ್ಮ ಮನೆ ಇದ್ದದ್ದು ಶೃಂಗೇರಿ ತಾಲೂಕಿನ ಕಿಗ್ಗದ ಹತ್ತಿರ. ಮಳೆ ಬೇಕೆಂದೂ, ಮಳೆ ಸಾಕೆಂದೂ ಬೇಡಿಕೊಳ್ಳಲು ಜನರು ದೂರದೂರದಿಂದ ಋಷ್ಯಶೃಂಗೇಶ್ವರನ ದೇವಸ್ಥಾನಕ್ಕೆ ಬರುವ ಊರದು. ಅದರ ಮೇಲೆ ನರಸಿಂಹ ಪರ್ವತ, ಸ್ವಲ್ಪ ದೂರದಲ್ಲಿ ಸಿರಿಮನೆ ಜಲಪಾತ. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೂ ಬಿಡುವಂತಿಲ್ಲ. ಗೋಡೆ ಮುಟ್ಟಿದರೆ ಒದ್ದೆ, ಹಾಸಿಗೆ ಮುಟ್ಟಿದರೆ ತಂಪು. ಒಗೆದ ಬಟ್ಟೆ ಬಿಸಿಲು ಕಾಣುವುದೇ ಇಲ್ಲ. ಆದ್ದರಿಂದ ಬಚ್ಚಲುಮನೆಯ ಪಕ್ಕಕ್ಕೆ ತಗಡಿನ ಮಾಡೊಂದನ್ನು ಇಳಿಸಿ, ಅದರಡಿಯಲ್ಲಿ ಕಬ್ಬಿಣದ ತಂತಿ ಕಟ್ಟಿ ಬಟ್ಟೆ ಹರವುತ್ತಿದ್ದರು. ಬಚ್ಚಲೊಲೆಯ ಬಿಸಿಗೆ ಅಷ್ಟಿಷ್ಟು ಆರುತ್ತಿತ್ತು.

ಬಚ್ಚಲುಮನೆಗೆ ಒಂದು ಬಲ್ಬು ಇತ್ತು. ಅದಕ್ಕೆ ಮನೆಯಿಂದ ಎಳೆದ ವೈರನ್ನು ಜೋಲದಿರಲೆಂದು ಅದೇ ಬಟ್ಟೆ ತಂತಿಗೆ ಅಲ್ಲಲ್ಲಿ ಕಟ್ಟಲಾಗಿತ್ತು. ನಡುವೆ ಒಂದು ಜೋಡಣೆ, ಅದರ ಮೇಲೆ ಸುತ್ತಿದ ಕಪ್ಪು ಟೇಪು. ಇಂಥ ವ್ಯವಸ್ಥೆ ಆಗ ನಮ್ಮ ಮನೆಯಲ್ಲಿ ಮಾತ್ರ ಇದ್ದದ್ದಲ್ಲ.

1980ರ ದಶಕದ ಕೊನೆಯ ಒಂದು ಮಳೆಗಾಲ. ನನಗಾಗ ಹನ್ನೊಂದೋ ಹನ್ನೆರಡೋ ವರ್ಷ. ಶಾಲೆಯ ಅಂಗಿ ತೆಗೆಯಲು ತಂತಿಗೆ ಕೈ ಹಾಕಿದಾಗ ಬೆರಳಿನಿಂದ ಮೊಣಕೈಯವರೆಗೆ ಜುಮ್ ಎಂದಿತು. ಜೇನು ಕುಟುಕಿದಂತೆಯೂ ಅಲ್ಲ, ಬಿಸಿ ತಾಗಿದಂತೆಯೂ ಅಲ್ಲ. ಯಾರೋ ಒಳಗಿನಿಂದ ಕೈಯನ್ನು ಜಗ್ಗಿದ ಹಾಗೆ. ನಾನು ಹೌಹಾರಿ ಹಿಂದೆ ಸರಿದೆ. ಯಾರಿಗೂ ಹೇಳಲಿಲ್ಲ. ಏಕೆಂದರೆ ಒದ್ದೆ ಕೈಯಲ್ಲಿ ಬಚ್ಚಲ ಕಡೆ ಹೋಗಬೇಡ ಎಂದು ಉಮ್ಮ ಹಿಂದಿನ ದಿನವಷ್ಟೇ ಬೈದಿದ್ದರು. ಹೇಳಿದರೆ ಮತ್ತೆ ಬೈಗುಳ ಎಂದುಕೊಂಡೆ. ಆಮೇಲೆ ಬಟ್ಟೆಯನ್ನು ತಂತಿ ಮುಟ್ಟದ ಹಾಗೆ ತುದಿ ಹಿಡಿದು ಎಳೆದುಕೊಳ್ಳುವ ಉಪಾಯ ಕಂಡುಕೊಂಡೆ. ನನ್ನ ಮಟ್ಟಿಗೆ ಸಮಸ್ಯೆ ಮುಗಿಯಿತು.

ಮೂರು ದಿನ ಕಳೆದಿರಬೇಕು. ನಮ್ಮ ಮನೆಗೆ ಕೆಲಸಕ್ಕೆ ಬರುತ್ತಿದ್ದ ಅಕ್ಕ ಬಟ್ಟೆ ಹರವಲು ಹೋದರು. ನಾವು ಮಕ್ಕಳೆಲ್ಲ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದೆವು. ಹಿತ್ತಿಲಿನಿಂದ ಕೂಗೂ ಅಲ್ಲದ, ನರಳಾಟವೂ ಅಲ್ಲದ ಒಂದು ಸದ್ದು ಬಂತು. ಉಮ್ಮ ಓಡಿ ಹೋಗಿ ನೋಡಿದರೆ ಅಕ್ಕನ ಬಲಗೈ ತಂತಿಯನ್ನು ಬಿಗಿಯಾಗಿ ಹಿಡಿದುಕೊಂಡಿದೆ, ಮೈ ನಡುಗುತ್ತಿದೆ, ಬಾಯಿಂದ ಮಾತು ಹೊರಡುತ್ತಿಲ್ಲ. ಅವರನ್ನು ಹಿಡಿದೆಳೆಯಲು ಕೈ ಚಾಚಿದ ಉಮ್ಮನಿಗೆ ಅದೇನು ಹೊಳೆಯಿತೋ, ಹಿಂದಿರುಗಿ ಒಳಗೆ ಓಡಿ ಮೈನ್ ಸ್ವಿಚ್ ಇಳಿಸಿದರು. ಅಕ್ಕ ಒದ್ದೆ ಕಲ್ಲಿನ ಮೇಲೆ ಕುಸಿದರು. ಉಸಿರಿತ್ತು. ಜೀಪು ಹಿಡಿದು ಶೃಂಗೇರಿಗೆ ಕರೆದೊಯ್ದರು. ಜೀವ ಉಳಿಯಿತು. ಆದರೆ ಅಂಗೈ ಸುಟ್ಟಿತ್ತು, ಎರಡು ಬೆರಳುಗಳು ಮತ್ತೆಂದೂ ನೆಟ್ಟಗಾಗಲಿಲ್ಲ.

ಮಾರನೆಯ ದಿನ ಬಂದ ವೈರ್‌ಮನ್ ಟೆಸ್ಟರ್ ಹಿಡಿದು ನೋಡಿ ಎರಡು ತಪ್ಪು ತೋರಿಸಿದರು. ಜೋಡಣೆಯ ಟೇಪು ತೇವಕ್ಕೆ ಬಿಚ್ಚಿ, ತಾಮ್ರದ ಎಳೆ ಕಬ್ಬಿಣದ ತಂತಿಗೆ ತಾಗಿತ್ತು. ಎರಡನೆಯದಾಗಿ, ಸ್ವಿಚ್ಚನ್ನು ಫೇಸ್ ವೈರಿಗೆ ಹಾಕುವ ಬದಲು ನ್ಯೂಟ್ರಲ್ ವೈರಿಗೆ ಹಾಕಿದ್ದರು. ಆದ್ದರಿಂದ ಬಲ್ಬು ಆರಿದ್ದಾಗಲೂ ಆ ವೈರಿನಲ್ಲಿ ವಿದ್ಯುತ್ ಇದ್ದೇ ಇರುತ್ತಿತ್ತು. ಅರ್ಧ ಗಂಟೆಯ ಕೆಲಸ. ಅಷ್ಟರಲ್ಲಿ ಸರಿಯಾಯಿತು.

ಮೂರು ಮೌನಗಳು

ವಿಷಯ ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಕೈಗೆ ಪಟ್ಟಿ ಕಟ್ಟಿಸಿಕೊಂಡು ಕುಳಿತಿದ್ದ ಅಕ್ಕನನ್ನು ನೋಡಲು ಹೋದಾಗ ಅವರು ಉಮ್ಮನಿಗೆ ಹೇಳಿದರು: "ನಂಗೆ ಹೋದ ವಾರಾನೂ ಜುಮ್ ಅಂದಿತ್ತು ಅಮ್ಮಾ. ಹೇಳಿದ್ರೆ ಕೆಲಸ ತಪ್ಪಿಸೋಕೆ ನೆವ ಅಂತೀರೇನೋ ಅಂತ ಸುಮ್ನಾದೆ." ಉಮ್ಮ ಅಲ್ಲಿಯೇ ಅತ್ತುಬಿಟ್ಟರು. ರಾತ್ರಿ ಮನೆಯಲ್ಲಿ ಈ ಮಾತು ಬಂದಾಗ ತಂದೆಯವರು ತಲೆ ತಗ್ಗಿಸಿ, "ಟವೆಲ್ ತೆಗೆಯುವಾಗ ನನಗೂ ಒಮ್ಮೆ ಆಗಿತ್ತು. ಮಳೆ ಬಿಟ್ಟ ಮೇಲೆ ಸರಿ ಮಾಡಿಸೋಣ ಅಂತಿದ್ದೆ" ಎಂದರು. ಮೂಲೆಯಲ್ಲಿ ಕುಳಿತಿದ್ದ ನಾನು ಆಗಲೂ ಬಾಯಿ ಬಿಡಲಿಲ್ಲ.

ಒಂದೇ ತಂತಿ, ಮೂವರಿಗೆ ಗೊತ್ತಿತ್ತು. ಮೂವರೂ ಮೌನವಾಗಿದ್ದರು. ನನ್ನದು ಬೈಗುಳದ ಹೆದರಿಕೆಯ ಮೌನ. ತಂದೆಯವರದು ನಾಳೆ ನೋಡೋಣವೆಂಬ ಮೌನ. ಅಕ್ಕನದು, ತನ್ನ ಮಾತನ್ನು ಯಾರೂ ನಂಬಲಾರರೆಂಬ ಬಡವರ ಮೌನ. ಈ ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಅಕ್ಕನ ಮೌನಕ್ಕೆ ಅವರು ಹೊಣೆಯಲ್ಲ, ನಾವು ಹೊಣೆ. ದುಡಿಯಲು ಬಂದವರು ನೋವನ್ನು ಹೇಳಿದರೆ ಅದನ್ನು ನೆವವೆಂದು ಭಾವಿಸುವ ಮನೆಯಲ್ಲಿ ಸತ್ಯ ಹೇಳುವ ಧೈರ್ಯ ಯಾರಿಗೆ ಬರುತ್ತದೆ? ಗದರಿಕೆಯಿಂದಲೇ ಮಕ್ಕಳನ್ನು ಬೆಳೆಸಿದರೆ ಮಕ್ಕಳೂ ಹಾಗೆಯೇ ಬಚ್ಚಿಡುವುದನ್ನು ಕಲಿಯುತ್ತಾರೆ.

ತನಗೆ ತಿಳಿದ ಸಾಕ್ಷ್ಯವನ್ನು ಅಡಗಿಸುವುದು ಪಾಪವೆಂದು ನಾವೆಲ್ಲ ಕಲಿತಿದ್ದೇವೆ. ಆದರೆ ಸಾಕ್ಷ್ಯವೆಂದರೆ ನ್ಯಾಯಾಲಯದ ಕಟಕಟೆಯಲ್ಲಿ ಹೇಳುವುದು ಮಾತ್ರ ಎಂದು ತಿಳಿದಿದ್ದೇವೆ. ಶಾಕ್ ಹೊಡೆದು ಬದುಕಿದವನೂ ಒಬ್ಬ ಸಾಕ್ಷಿಯೇ. ಕಣ್ಣಿಗೆ ಕಾಣದ, ಶಬ್ದವಿಲ್ಲದ, ವಾಸನೆಯಿಲ್ಲದ ಒಂದು ಅಪಾಯ ಇಂಥ ಜಾಗದಲ್ಲಿದೆ ಎಂಬುದನ್ನು ಆ ಗಳಿಗೆಯಲ್ಲಿ ಜಗತ್ತಿನಲ್ಲಿ ಬಲ್ಲವನು ಅವನೊಬ್ಬನೇ. ಅವನು ಹೇಳದಿದ್ದರೆ ಮುಂದಿನವರಿಗೆ ತಿಳಿಯಲು ಉಳಿದಿರುವ ದಾರಿ ಒಂದೇ: ಅವರೂ ಮುಟ್ಟುವುದು.

ಸಣ್ಣ ಶಾಕ್ ಎಂಬುದಿಲ್ಲ

"ಅಯ್ಯೋ, ಸ್ವಲ್ಪ ಜುಮ್ ಅಂದಿತು ಅಷ್ಟೇ" ಎನ್ನುವವರಿದ್ದಾರೆ. ಅದೇ ತಂತಿ ನನಗೆ ಜುಮ್ ಎಂದದ್ದೇಕೆ, ಅಕ್ಕನನ್ನು ಹಿಡಿದುಕೊಂಡದ್ದೇಕೆ? ನನ್ನ ಕಾಲಲ್ಲಿ ರಬ್ಬರಿನ ಹವಾಯಿ ಚಪ್ಪಲಿ ಇತ್ತು. ಅಕ್ಕ ಬರಿಗಾಲಲ್ಲಿ ಒದ್ದೆ ಕಲ್ಲಿನ ಮೇಲೆ ನಿಂತಿದ್ದರು, ಕೈಯಲ್ಲಿ ಒದ್ದೆ ಬಟ್ಟೆ. ಒಣ ಚರ್ಮವು ವಿದ್ಯುತ್ತನ್ನು ಬಹಳಷ್ಟು ತಡೆಯುತ್ತದೆ. ಚರ್ಮ ಒದ್ದೆಯಾದರೆ ಆ ತಡೆ ತೀರಾ ಕಡಿಮೆಯಾಗುತ್ತದೆ.

ನಮ್ಮ ಮನೆಗಳಿಗೆ ಬರುವುದು 230 ವೋಲ್ಟಿನ ವಿದ್ಯುತ್. ಮೈಯೊಳಗೆ ಸುಮಾರು 1 ಮಿಲಿ ಆಂಪಿಯರ್ ಹರಿದರೆ ಜುಮ್ ಎನ್ನುತ್ತದೆ. 10 ಮಿಲಿ ಆಂಪಿಯರ್ ದಾಟಿದರೆ ಸ್ನಾಯುಗಳು ಬಿಗಿದುಕೊಂಡು, ಹಿಡಿದದ್ದನ್ನು ಬಿಡಲು ಮನಸ್ಸು ಮಾಡಿದರೂ ಕೈ ಬಿಡುವುದಿಲ್ಲ. ಇನ್ನೂ ಹೆಚ್ಚಿದರೆ ಉಸಿರಾಟ ಕಟ್ಟುತ್ತದೆ, ಹೃದಯದ ಬಡಿತ ತಾಳ ತಪ್ಪುತ್ತದೆ. 40 ವ್ಯಾಟಿನ ಒಂದು ಹಳೆಯ ಬಲ್ಬು ಉರಿಯಲು ಸುಮಾರು 170 ಮಿಲಿ ಆಂಪಿಯರ್ ಬೇಕು. ಅದರ ಅರ್ಧದಷ್ಟು ಎದೆಯ ಮೂಲಕ ಹರಿದರೂ ಮನುಷ್ಯ ಸಾಯಬಹುದು. ಫ್ಯೂಸ್ ಇದೆಯಲ್ಲ ಎಂದು ಧೈರ್ಯ ತಾಳುವಂತಿಲ್ಲ. 5 ಆಂಪಿಯರಿನ ಫ್ಯೂಸು ಕಾಯುವುದು ವೈರನ್ನು. ಮನುಷ್ಯನನ್ನು ಕೊಲ್ಲುವಷ್ಟು ಸಣ್ಣ ಪ್ರವಾಹ ಅದರ ಗಮನಕ್ಕೇ ಬರುವುದಿಲ್ಲ.

ಅಂದರೆ ಇಂದು ನಿಮಗೆ ಜುಮ್ ಎಂದದ್ದು ನಾಳೆ ಬರಿಗಾಲಲ್ಲಿ ಬರುವ ಮಗುವಿಗೆ, ವುಝೂ ಮಾಡಿ ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟುವ ವೃದ್ಧರಿಗೆ ಸಾವಾಗಬಹುದು. ಇಲ್ಲಿರುವುದು ಸಣ್ಣ ಶಾಕ್, ದೊಡ್ಡ ಶಾಕ್ ಎಂಬ ಭೇದವಲ್ಲ. ನಿಮ್ಮ ಚಪ್ಪಲಿ ಮತ್ತು ಅವರ ಬರಿಗಾಲು, ಇಷ್ಟೇ ಭೇದ.

ನಾಚಿಕೆಪಟ್ಟರೂ ಹೇಳಿದವನು

ಶಾಕ್ ಹೊಡೆದದ್ದನ್ನು ಹೇಳಲು ನಾಚಿಕೆಪಡುವುದು ಇಂದಿನ ಮಾತಲ್ಲ. 1750ರ ಡಿಸೆಂಬರ್ ತಿಂಗಳಿನಲ್ಲಿ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ವಿದ್ಯುತ್ ಪ್ರಯೋಗ ಮಾಡುತ್ತಿದ್ದರು. ವಿದ್ಯುತ್ ಸಂಗ್ರಹಿಸಿಟ್ಟಿದ್ದ ಎರಡು ದೊಡ್ಡ ಗಾಜಿನ ಜಾಡಿಗಳಿಂದ ಒಂದು ಟರ್ಕಿ ಕೋಳಿಯನ್ನು ಕೊಲ್ಲಲು ಹೊರಟವರು ಅಜಾಗರೂಕತೆಯಿಂದ ಅದನ್ನೆಲ್ಲ ತಮ್ಮ ಮೈಯೊಳಗೇ ಹರಿಸಿಕೊಂಡರು. ದೊಡ್ಡ ಮಿಂಚು, ದೊಡ್ಡ ಸದ್ದು ಆಯಿತೆಂದು ಸುತ್ತ ನಿಂತವರು ಹೇಳಿದರೂ ಅವರು ಸ್ವತಃ ಅದನ್ನು ಕಾಣಲೂ ಇಲ್ಲ, ಕೇಳಲೂ ಇಲ್ಲ. ಮರುದಿನ ಬೆಳಗಿನವರೆಗೆ ತೋಳು ಮತ್ತು ಕತ್ತಿನ ಹಿಂಭಾಗ ಜೋಮು ಹಿಡಿದಿತ್ತು, ಎದೆಯ ನೋವು ಕೆಲವು ದಿನ ಉಳಿಯಿತು.

ಎರಡು ದಿನಗಳ ನಂತರ ಅವರು ಈ ಸಂಗತಿಯನ್ನು ಪತ್ರದಲ್ಲಿ ಬರೆದರು. ಇಂಥದೇ ಪ್ರಯೋಗ ಮಾಡುತ್ತಿದ್ದ ಒಬ್ಬ ಮಿತ್ರನಿಗೆ ಎಚ್ಚರಿಕೆಯಾಗಿ ಇದನ್ನು ತಿಳಿಸಿ, ಆದರೆ ಹೊರಗೆ ಸಾರಬೇಡಿ, ಇಂಥ ತಪ್ಪು ಮಾಡಿದ್ದಕ್ಕೆ ನನಗೆ ನಾಚಿಕೆಯಾಗಿದೆ ಎಂಬುದು ಆ ಪತ್ರದ ತಾತ್ಪರ್ಯ. ಖ್ಯಾತಿಗೆ ಕುಂದು ಬರುವ ಅಳುಕು ಆ ದೊಡ್ಡ ಮನುಷ್ಯನಿಗೂ ಇತ್ತು. ಆದರೂ ಯಾರಿಗೆ ಅದೇ ಅಪಾಯ ಕಾದಿತ್ತೋ ಅವರಿಗೆ ಸುದ್ದಿ ಮುಟ್ಟಿಸಲು ಅವರು ಮರೆಯಲಿಲ್ಲ. ಮೂರು ವರ್ಷ ಕಳೆಯುವುದರೊಳಗೆ, 1753ರಲ್ಲಿ, ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ರಿಖ್‌ಮನ್ ಎಂಬ ವಿಜ್ಞಾನಿ ಸಿಡಿಲಿನ ವಿದ್ಯುತ್ತಿನ ಪ್ರಯೋಗದಲ್ಲಿ ಪ್ರಾಣ ಕಳೆದುಕೊಂಡರು. ಆ ಕಾಲದಲ್ಲಿ ಈ ಶಕ್ತಿಯ ಬಗ್ಗೆ ಮನುಷ್ಯರು ಕಲಿತದ್ದೆಲ್ಲ ಹೀಗೆ, ಪೆಟ್ಟು ತಿಂದವರು ಹೇಳಿದ್ದರಿಂದ ಮತ್ತು ಸತ್ತವರನ್ನು ನೋಡಿದ್ದರಿಂದ.

ಎರಡು ಆಕ್ಷೇಪಗಳು

ಇಲ್ಲಿ ಧರ್ಮಭೀರುಗಳಾದ ಕೆಲವರು ಎರಡು ಆಕ್ಷೇಪಗಳನ್ನು ಎತ್ತಬಹುದು.

ಮೊದಲನೆಯದು, ಆಯುಸ್ಸು ಬರೆದಿಟ್ಟಷ್ಟೇ, ಬರುವುದನ್ನು ತಪ್ಪಿಸಲು ನಾವು ಯಾರು ಎಂಬುದು. ಮರಣದ ಗಳಿಗೆ ಅಲ್ಲಾಹನ ಕೈಯಲ್ಲಿದೆಯೆಂಬುದು ನಿಜ. ಆದರೆ ಆ ನಂಬಿಕೆ ನಮ್ಮ ಸೋಮಾರಿತನಕ್ಕೆ ಹೊದಿಕೆಯಾಗಬಾರದು. ಒಂಟೆಯನ್ನು ಕಟ್ಟಿ ಆಮೇಲೆ ಅಲ್ಲಾಹನ ಮೇಲೆ ಭರವಸೆಯಿಡಬೇಕೆಂಬ ಪ್ರವಾದಿವರ್ಯರ(ಸ) ಬೋಧನೆ ನಮ್ಮ ಮಕ್ಕಳಿಗೂ ಗೊತ್ತು. ಸಿರಿಯಾದಲ್ಲಿ ಪ್ಲೇಗ್ ಹರಡಿದ ಸುದ್ದಿ ತಿಳಿದಾಗ ಖಲೀಫಾ ಉಮರ್(ರ) ಅರ್ಧ ದಾರಿಯಿಂದ ತಮ್ಮವರೊಂದಿಗೆ ಹಿಂದಿರುಗಿದರು. ವಿಧಿಯಿಂದ ಓಡಿಹೋಗುವಿರಾ ಎಂದು ಕೇಳಿದವರಿಗೆ, ಅಲ್ಲಾಹನ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯೆಡೆಗೆ ಹೋಗುತ್ತಿದ್ದೇವೆ ಎಂಬರ್ಥದ ಉತ್ತರ ಕೊಟ್ಟರು. ಬಿಚ್ಚಿದ ಟೇಪು ವಿಧಿಯಾದರೆ, ಅದನ್ನು ಸುತ್ತಲು ನಮಗೆ ಕೊಟ್ಟಿರುವ ಕೈಯೂ ವಿಧಿಯೇ. "ಮಳೆ ಬಿಟ್ಟ ಮೇಲೆ ನೋಡೋಣ" ಎಂದ ನನ್ನ ತಂದೆಯವರು ಐದು ಹೊತ್ತಿನ ನಮಾಝ್ ತಪ್ಪಿಸದವರು. ಅವರ ವಿಶ್ವಾಸದಲ್ಲಿ ಕೊರತೆಯಿರಲಿಲ್ಲ. ಕೊರತೆ ಇದ್ದದ್ದು ಟೇಪಿನಲ್ಲಿ, ಮತ್ತು ಅದನ್ನು ನಾಳೆಗೆ ದೂಡಿದ ಅಭ್ಯಾಸದಲ್ಲಿ.

ಎರಡನೆಯದು, ಪರರ ದೋಷವನ್ನು ಮುಚ್ಚಬೇಕೆಂಬ ಬೋಧನೆಯಿರುವಾಗ ನೆರೆಮನೆಯ ವೈರಿಂಗಿನ ಬಗ್ಗೆ, ಇನ್ನೊಬ್ಬರ ತೋಟದ ಬಗ್ಗೆ ನಾವು ಮಾತಾಡಬಹುದೇ ಎಂಬುದು. ಮುಚ್ಚಬೇಕಾದದ್ದು ಮನುಷ್ಯನ ಮಾನಕ್ಕೆ ಸಂಬಂಧಿಸಿದ ದೋಷವನ್ನು. ಜೀವ ತೆಗೆಯುವ ಅಪಾಯವನ್ನು ಮುಚ್ಚಿದರೆ ಅದು ದೋಷ ಮುಚ್ಚಿದಂತಲ್ಲ, ಬಾವಿಯ ಬಾಯಿಗೆ ಸೊಪ್ಪು ಹರವಿದಂತೆ. ಫ್ರಾಂಕ್ಲಿನ್‌ರ ಪತ್ರದಲ್ಲಿ ಈ ವಿವೇಕವಿತ್ತು: ಅವಮಾನವನ್ನು ಮುಚ್ಚಿಡಿ, ಎಚ್ಚರಿಕೆಯನ್ನು ಮುಟ್ಟಿಸಿ. ನೆರೆಯವರಿಗೆ ನಾಲ್ಕು ಜನರ ಮುಂದೆ ಹೇಳಬೇಕಿಲ್ಲ. ಸಂಜೆ ಅವರ ಮನೆಗೆ ಹೋಗಿ, ಚಹಾ ಕುಡಿದು, ಮೆಲ್ಲನೆ ಹೇಳಿದರಾಯಿತು.

ನಮ್ಮ ದಾರಿಯಲ್ಲಿರುವ ತಂತಿಗಳು

1902ರಲ್ಲಿ ಶಿವನಸಮುದ್ರದ ವಿದ್ಯುತ್ ಕೋಲಾರದ ಚಿನ್ನದ ಗಣಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು. ಇಂದು ಮಲೆನಾಡಿನ ಒಂಟಿಮನೆಗಳಿಗೂ ಆ ಬೆಳಕು ತಲುಪಿದೆ. ಅದು ನಿಸ್ಸಂದೇಹವಾಗಿ ಒಂದು ಅನುಗ್ರಹ. ಆದರೆ ಪ್ರತಿಯೊಂದು ಅನುಗ್ರಹದ ಜೊತೆಗೂ ಒಂದು ಹೊಣೆ ಬರುತ್ತದೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ನಮ್ಮ ಜನ ಎಲ್ಲೆಲ್ಲಿ ಎಚ್ಚರ ವಹಿಸಬೇಕೆಂದು ಸ್ವಲ್ಪ ಯೋಚಿಸೋಣ.

ಅಡಿಕೆ ಕೊಯ್ಲು ಮತ್ತು ಔಷಧಿ ಸಿಂಪಡಣೆಗೆ ಬಳಸುವ ಉದ್ದನೆಯ ದೋಟಿ. ಅಲ್ಯೂಮಿನಿಯಂ ದೋಟಿ ತೋಟದ ಮೇಲೆ ಹಾದುಹೋದ ತಂತಿಗೆ ತಗುಲಿದರೆ ಹಿಡಿದವರು ಉಳಿಯುವುದು ಕಷ್ಟ. ಈಗ ಬಂದಿರುವ ಹಗುರವಾದ ಕಾರ್ಬನ್ ಫೈಬರ್ ದೋಟಿಯಲ್ಲಿ ವಿದ್ಯುತ್ ಹರಿಯುವುದಿಲ್ಲವೆಂದು ಭಾವಿಸುವವರಿದ್ದಾರೆ. ಅದು ತಪ್ಪು. ಕಾರ್ಬನ್ ಫೈಬರಿನಲ್ಲೂ ವಿದ್ಯುತ್ ಹರಿಯುತ್ತದೆ. ಕೊಯ್ಲಿಗೆ ಬರುವವರಿಗೆ ಕೂಲಿ ಮಾತಾಡುವ ಮುನ್ನ ತೋಟದಲ್ಲಿ ತಂತಿ ಎಲ್ಲಿದೆಯೆಂದು ತೋರಿಸುವುದು ಯಜಮಾನನ ಕರ್ತವ್ಯ.

ಇನ್ನು ಕಾಡುಹಂದಿಯ ಕಾಟಕ್ಕೆ ರಾತ್ರಿ ಹೊತ್ತು ಲೈನಿನಿಂದ ನೇರವಾಗಿ ವಿದ್ಯುತ್ ಹಾಯಿಸುವ ಬೇಲಿ. ಕ್ಷಣಮಾತ್ರ ಹೊಡೆದು ಬಿಡುವ ಸೋಲಾರ್ ಬೇಲಿಯ ಯಂತ್ರ ಬೇರೆ, ಈ ಕಳ್ಳ ಬೇಲಿ ಬೇರೆ. ಇದು ಕಾನೂನಿನ ಪ್ರಕಾರ ಅಪರಾಧ. ಹಂದಿಗೆಂದು ಇಟ್ಟದ್ದು ಆನೆಯನ್ನೂ ಕೊಲ್ಲುತ್ತದೆ, ದನವನ್ನೂ ಕೊಲ್ಲುತ್ತದೆ, ನೀರು ನೋಡಲು ಹೋದ ಮನುಷ್ಯನನ್ನೂ ಕೊಲ್ಲುತ್ತದೆ. ಇಂಥ ಬೇಲಿ ಎಲ್ಲಿದೆಯೆಂದು ಊರಿನಲ್ಲಿ ನಾಲ್ಕಾರು ಜನರಿಗೆ ಗೊತ್ತೇ ಇರುತ್ತದೆ. ಹೇಳಿದರೆ ನಿಷ್ಠುರ ಎಂದು ಸುಮ್ಮನಿರುತ್ತಾರೆ. ಸತ್ತ ಮೇಲೆ, "ನನಗೆ ಮೊದಲೇ ಗೊತ್ತಿತ್ತು" ಎನ್ನುತ್ತಾರೆ. ಆ ಮಾತು ಅವರನ್ನು ಬಿಡಿಸುವುದಿಲ್ಲ, ಸಿಕ್ಕಿಸುತ್ತದೆ.

ಗಾಳಿಗೆ ಹರಿದು ಬಿದ್ದ ತಂತಿಯೂ ಹಾಗೆಯೇ. 2023ರ ನವೆಂಬರ್ 19ರ ಬೆಳಗಿನ ಜಾವ ಬೆಂಗಳೂರಿನ ಕಾಡುಗೋಡಿಯಲ್ಲಿ ಕಾಲುದಾರಿಯ ಮೇಲೆ ಬಿದ್ದಿದ್ದ ತಂತಿಯನ್ನು ತುಳಿದು ಒಬ್ಬ ಯುವತಿ ತಾಯಿ ಮತ್ತು ಅವರ ಒಂಬತ್ತು ತಿಂಗಳ ಹೆಣ್ಣುಮಗು ಸತ್ತರು. ದಾರಿಯಲ್ಲಿ ಬಿದ್ದ ತಂತಿಯನ್ನು ನೋಡಿ, ಬಳಸಿಕೊಂಡು ದಾಟಿ ಹೋಗುವಾಗ ನಮಗೆ ಆ ತಾಯಿ ಮತ್ತು ಮಗುವಿನ ನೆನಪಾಗಬೇಕು. ದಾರಿಯಿಂದ ಮುಳ್ಳನ್ನು ಸರಿಸುವುದೂ ಈಮಾನಿನ ಒಂದು ಶಾಖೆಯೆಂದು ಕಲಿತ ನಾವು, ಸರಿಸಲಾಗದ ತಂತಿಯ ಬಳಿ ದೂರದಲ್ಲಿ ನಿಂತು ಇತರರನ್ನು ತಡೆಯುವುದನ್ನು, 1912ಕ್ಕೆ ಫೋನ್ ಮಾಡಿ ತಿಳಿಸುವುದನ್ನು ಅದೇ ಸಾಲಿಗೆ ಸೇರಿಸಬೇಡವೇ?

ಇಂದೇ ಮಾಡಬಹುದಾದದ್ದು

ಇಂದು ರಾತ್ರಿ ಊಟಕ್ಕೆ ಕುಳಿತಾಗ ಮನೆಯವರನ್ನೆಲ್ಲ ಒಮ್ಮೆ ಕೇಳಿ: ಎಲ್ಲಿಯಾದರೂ, ಯಾವುದನ್ನಾದರೂ ಮುಟ್ಟಿದಾಗ ಜುಮ್ ಎಂದಿದೆಯೇ? ನಲ್ಲಿ, ಗೀಸರ್, ಫ್ರಿಜ್ಜಿನ ಬಾಗಿಲು, ಪಂಪ್‌ಸೆಟ್ಟಿನ ಸ್ವಿಚ್, ಇಸ್ತ್ರಿಪೆಟ್ಟಿಗೆ. ಕೆಲಸಕ್ಕೆ ಬರುವವರನ್ನೂ ಕೇಳಿ, ಅವರನ್ನೇ ಮೊದಲು ಕೇಳಿ. ಮಗು ಹೌದೆಂದರೆ, "ಅಲ್ಲಿಗೆ ಏಕೆ ಹೋದೆ?" ಎಂದು ಗದರಬೇಡಿ. "ಹೇಳಿದ್ದು ಒಳ್ಳೆಯದಾಯಿತು" ಎನ್ನಿ. ಮೈನ್ ಸ್ವಿಚ್ ಎಲ್ಲಿದೆಯೆಂದು ಮನೆಯ ಹೆಂಗಸರು, ಮಕ್ಕಳೆಲ್ಲರಿಗೂ ತೋರಿಸಿ. ತಿಳಿದ ವೈರ್‌ಮನ್‌ನಿಂದ ಅರ್ಥಿಂಗ್ ಪರೀಕ್ಷೆ ಮಾಡಿಸಿ. 30 ಮಿಲಿ ಆಂಪಿಯರ್ ಸೋರಿದರೂ ಕ್ಷಣದಲ್ಲಿ ಕಡಿಯುವ ಆರ್‌ಸಿಸಿಬಿ ಎಂಬ ಸ್ವಿಚ್ ಈಗ ಸಿಗುತ್ತದೆ, ಅದನ್ನು ಹಾಕಿಸಿ.

ಯಾರಿಗಾದರೂ ಶಾಕ್ ಹೊಡೆದು ಅಂಟಿಕೊಂಡಿದ್ದರೆ ಮುಟ್ಟಿ ಎಳೆಯಬೇಡಿ. ಮೈನ್ ಇಳಿಸಿ. ಅದಾಗದಿದ್ದರೆ, ಮನೆಯ ವಿದ್ಯುತ್ತಾದಲ್ಲಿ, ಒಣ ನೆಲದ ಮೇಲೆ ನಿಂತು ಒಣ ಮರದ ಕೋಲಿನಿಂದ ಬಿಡಿಸಿ. ಕಂಬದ ಲೈನಾದರೆ ಹತ್ತಿರವೇ ಹೋಗಬೇಡಿ. ಬಿಡಿಸಿದ ಮೇಲೆ ಪ್ರಜ್ಞೆಯಿಲ್ಲದೆ, ಸರಿಯಾದ ಉಸಿರಾಟವಿಲ್ಲದೆ ಇದ್ದರೆ 108ಕ್ಕೆ ಕರೆ ಮಾಡಿಸಿ, ಎದೆಯ ನಡುವೆ ಎರಡೂ ಕೈಯಿಟ್ಟು ನಿಮಿಷಕ್ಕೆ 100ರಿಂದ 120 ಬಾರಿ ಬಲವಾಗಿ ಒತ್ತುತ್ತಿರಿ. ಮೈಯನ್ನು ಮಣ್ಣಿನಲ್ಲಿ ಹೂತರೆ ವಿದ್ಯುತ್ ಇಳಿಯುತ್ತದೆಂಬುದು ಕೇವಲ ಭ್ರಮೆ. ಅದರಿಂದ ಉಳಿಸಬಹುದಾದ ನಿಮಿಷಗಳು ಹಾಳಾಗುತ್ತವೆ. ಶಾಕ್ ತಗುಲಿ ಆರಾಮವಾಗಿರುವಂತೆ ಕಂಡರೂ ವೈದ್ಯರಿಗೆ ತೋರಿಸುವುದು ಲೇಸು.

ಕೊನೆಯದಾಗಿ ನನ್ನ ಬಗ್ಗೆ ಒಂದು ಮಾತು. ಅಂದು ಹೇಳದೆ ಉಳಿದದ್ದನ್ನು ನಾನು ಉಮ್ಮನಿಗೆ ಹೇಳಿದ್ದು ನನಗೆ ಮಕ್ಕಳಾದ ಮೇಲೆ. ಉಮ್ಮ ಬೈಯಲಿಲ್ಲ, ಬಹಳ ಹೊತ್ತು ಸುಮ್ಮನಿದ್ದು, "ಅಕ್ಕನಿಗೆ ಹೇಳಿದೆಯಾ?" ಎಂದು ಮಾತ್ರ ಕೇಳಿದರು. ಹೇಳಿರಲಿಲ್ಲ. ಮುಂದಿನ ಸಲ ಊರಿಗೆ ಹೋದಾಗ ಹೇಳುತ್ತೇನೆಂದುಕೊಂಡೆ. ಮುಂದಿನ ಸಲ ಹೋಗುವಷ್ಟರಲ್ಲಿ ಅವರು ತೀರಿಕೊಂಡಿದ್ದರು. ತಂದೆಯವರಂತೆ ನಾನೂ ಮಳೆ ಬಿಡಲೆಂದು ಕಾದಿದ್ದೆ. ಮನುಷ್ಯನಿಗೆ ಮಾಡಿದ ತಪ್ಪನ್ನು ಆ ಮನುಷ್ಯನೇ ಕ್ಷಮಿಸಬೇಕೆಂದು ಬಲ್ಲವನಿಗೆ ಇದು ಹಗುರವಾದ ಹೊರೆಯಲ್ಲ. ಅವರ ಮಗಳ ಮನೆಗೆ ಹೋಗಿ ನಡೆದದ್ದನ್ನು ಹೇಳಿ ಬಂದಿದ್ದೇನೆ. ಅದರಿಂದ ಹೊರೆ ಇಳಿಯಿತೆಂದು ಹೇಳಲಾರೆ. ನಿಮ್ಮ ಮನೆಯಲ್ಲಿ ಇಂಥ ಒಂದು ತಂತಿ ಇದ್ದರೆ, ಅದನ್ನು ಬಲ್ಲವರು ನೀವಾಗಿದ್ದರೆ, ಈ ಪತ್ರಿಕೆಯನ್ನು ಕೆಳಗಿಟ್ಟು ಈಗಲೇ ಹೋಗಿ ಹೇಳಿ.

ತಿಳಿದದ್ದನ್ನು ಹೇಳುವ ಧೈರ್ಯವನ್ನೂ, ಹೇಳಿದವರ ಮಾತನ್ನು ಕೇಳುವ ತಾಳ್ಮೆಯನ್ನೂ ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.